ಭಾವಗೀತೆಗೆ ದನಿ ಬಂದ ಬಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟವನು ಹೊಲಮನೆಗಳನ್ನು ಹೊತ್ತುಕೊಂಡು ಹೋಗಲಾರ. ಆದರೆ ತಾಯಿಯ ಬಾಯಿಂದ ಕೇಳಿದ ಪದಗಳನ್ನು ಅವನು ಬಿಟ್ಟು ಹೋಗಬೇಕಾಗಿಲ್ಲ. ಹಲವು ಊರುಗಳ ಜನರು ಒಂದು ನಗರದಲ್ಲಿ ನೆಲೆಸಿದಾಗ ಅವರ ಹಾಡುಗಳೂ ಅಲ್ಲಿ ಒಂದನ್ನೊಂದು ಸಂಧಿಸುತ್ತವೆ. ಆ ಸಂಗಮದಿಂದ ಕೆಲವು ವೇಳೆ ಹೊಸದೊಂದು ಸಂಗೀತವೇ ಹುಟ್ಟಿಬರುತ್ತದೆ. ಬೆಂಗಳೂರಿನಲ್ಲಿ ಬೆಳೆದು ನಾಡನ್ನೆಲ್ಲ ತುಂಬಿದ ಕನ್ನಡ ಸುಗಮ ಸಂಗೀತವು ಅಂಥದು.

ಇಂಥ ಬೆಳವಣಿಗೆ ನಮ್ಮ ನಾಡಿಗೆ ಮಾತ್ರ ಸೀಮಿತವಾದುದಲ್ಲ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಪೋರ್ಟೊರಿಕೊ, ಕ್ಯೂಬಾ ಮೊದಲಾದ ದ್ವೀಪಗಳಿಂದ ಸಹಸ್ರಾರು ಜನರು ಕೆಲಸವನ್ನರಸಿ ಅಮೆರಿಕದ ನ್ಯೂಯಾರ್ಕ್ ನಗರಕ್ಕೆ ಬಂದರು. ಕ್ಯೂಬಾದ ಹಳ್ಳಿಯ ಹಾಡು, ಆಫ್ರಿಕಾ ಮೂಲದ ಮದ್ದಳೆಗಳ ಲಯ, ಅಮೆರಿಕದ ಜಾಝ್ ಸಂಗೀತ ಇವೆಲ್ಲ ಅಲ್ಲಿಯ ಬಡವರ ಬೀದಿಗಳಲ್ಲಿ ಬೆರೆತವು. 1964ರಲ್ಲಿ ಜಾನಿ ಪಚೆಕೊ ಎಂಬ ವಾದಕನು ಗೆಳೆಯನೊಬ್ಬನೊಡನೆ ಸೇರಿ ಫಾನಿಯಾ ಎಂಬ ಧ್ವನಿಮುದ್ರಣ ಸಂಸ್ಥೆಯನ್ನು ಸ್ಥಾಪಿಸಿದನು. ಈ ಸಂಸ್ಥೆಯ ಮೂಲಕ ಹೊಸ ಸಂಗೀತವು ‘ಸಾಲ್ಸಾ’ ಎಂಬ ಹೆಸರಿನಿಂದ ಜಗತ್ಪ್ರಸಿದ್ಧವಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಸಾಲ್ಸಾ ಎಂದರೆ ಹಲವು ಸಾಮಗ್ರಿಗಳನ್ನು ಕೂಡಿಸಿ ಮಾಡಿದ ಗೊಜ್ಜಿನಂಥ ವ್ಯಂಜನ. ಹೆಸರು ಎಷ್ಟು ಒಪ್ಪುವಂತಿದೆ!

ಅದೇ ಕಾಲದಲ್ಲಿ ಬೆಂಗಳೂರೂ ವಲಸೆಯ ನಗರವಾಗುತ್ತಿತ್ತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ದೂರವಾಣಿ ಕಾರ್ಖಾನೆ, 1953ರಲ್ಲಿ ಗಡಿಯಾರಗಳಿಂದ ಮುಂದೆ ಮನೆಮಾತಾದ ಎಚ್.ಎಂ.ಟಿ. ಕಾರ್ಖಾನೆ ಇಲ್ಲಿ ತಲೆಯೆತ್ತಿದವು. 1956ರಲ್ಲಿ ಕನ್ನಡ ಪ್ರದೇಶಗಳು ಒಂದುಗೂಡಿದ ಮೇಲೆ ಧಾರವಾಡ, ಮಂಗಳೂರು, ಕಲಬುರಗಿಗಳ ಕಡೆಯವರೂ ರಾಜಧಾನಿಗೆ ಬಂದರು. ತಮಿಳು, ತೆಲುಗು, ಉರ್ದು ಮಾತನಾಡುವವರು ಮೊದಲಿನಿಂದಲೂ ಇಲ್ಲಿದ್ದರು. ರಾಜಾಜಿನಗರ, ವಿಜಯನಗರಗಳಂಥ ಬಡಾವಣೆಗಳು ಪಶ್ಚಿಮಕ್ಕೆ ಹಬ್ಬಿದವು. ಮೈಸೂರು ರಸ್ತೆಯಲ್ಲಿ ಬೇರೆಯೇ ಪಟ್ಟಣವಾಗಿದ್ದ ಕೆಂಗೇರಿಯೂ 2007ರಲ್ಲಿ ಮಹಾನಗರದಲ್ಲಿ ಸೇರಿಹೋಯಿತು. ಹೀಗೆ ಬಂದು ನೆಲೆಸಿದ ಕನ್ನಡಿಗರ ಭಾಷೆ ಒಂದೇ ಆದರೂ ಆಡುವ ಬಗೆ ಹಲವು. ಧಾರವಾಡದವರ ಮಾತು ಮೈಸೂರಿನವರಿಗೆ ಹೊಸದು. ಕರಾವಳಿಯವರ ಮಾತು ಇಬ್ಬರಿಗೂ ಹೊಸದು. ಇವರೆಲ್ಲರೂ ಒಂದೇ ಸಭೆಯಲ್ಲಿ ಕುಳಿತು ‘ಇದು ನಮ್ಮದು’ ಎಂದು ಕೇಳಬಹುದಾದ ಹಾಡು ಯಾವುದು?

ಅಂಥ ಹಾಡಿಗೆ ಬೇಕಾದ ಸಾಹಿತ್ಯ ಆ ವೇಳೆಗೆ ಸಿದ್ಧವಾಗಿತ್ತು. ನವೋದಯದ ಕವಿಗಳಾದ ಬೇಂದ್ರೆ, ಕುವೆಂಪು, ಕೆ.ಎಸ್. ನರಸಿಂಹಸ್ವಾಮಿ ಮೊದಲಾದವರು ಶ್ರೇಷ್ಠ ಭಾವಗೀತೆಗಳನ್ನು ರಚಿಸಿದ್ದರು. ಆದರೆ ಅವು ಬಹುಮಟ್ಟಿಗೆ ಪುಸ್ತಕದ ಪುಟಗಳಲ್ಲಿ ಉಳಿದಿದ್ದವು; ಓದುಬರಹ ಬಲ್ಲವರಿಗೆ ಮಾತ್ರ ದಕ್ಕುತ್ತಿದ್ದವು. ಅವುಗಳಿಗೆ ದನಿಯನ್ನು ಕೊಟ್ಟವರಲ್ಲಿ ಪಿ. ಕಾಳಿಂಗರಾಯರು (1914–1981) ಅಗ್ರಗಣ್ಯರು. ಉಡುಪಿಯ ಕಡೆಯ ಆರೂರಿನಲ್ಲಿ ಜನಿಸಿದ ಅವರು ಬಾಲ್ಯದಲ್ಲಿಯೇ ನಾಟಕ ಮಂಡಲಿಯನ್ನು ಸೇರಿದರು. ಶಾಸ್ತ್ರೀಯ ಸಂಗೀತವನ್ನು ಅಭ್ಯಾಸ ಮಾಡಿದರು. ಮದರಾಸಿನಲ್ಲಿ ಚಲನಚಿತ್ರ ಸಂಗೀತಕ್ಕಾಗಿ ದುಡಿದರು. ಈ ಎಲ್ಲ ಅನುಭವಗಳೂ ಅವರ ಕಂಠದಲ್ಲಿ ಒಂದಾದವು. ಧಾರವಾಡದ ಬೇಂದ್ರೆಯವರ ಕವನವನ್ನು ಕರಾವಳಿಯ ಗಾಯಕರು ಹಾಡಿದರು. ಬೆಂಗಳೂರಿನ ಜನ ತಲೆದೂಗಿದರು.

ಈ ಸಂಗೀತದ ಲಕ್ಷಣವೇನು? ಶಾಸ್ತ್ರೀಯ ಸಂಗೀತದಲ್ಲಿ ರಾಗವಿಸ್ತಾರಕ್ಕೆ ಪ್ರಾಧಾನ್ಯ. ಗಾಯಕನು ಒಂದೇ ಸಾಲನ್ನು ಹಲವು ಬಗೆಯಲ್ಲಿ ಬೆಳೆಸಬಹುದು. ಸುಗಮ ಸಂಗೀತದಲ್ಲಿ ಕವಿಯ ಮಾತೇ ಒಡೆಯ, ರಾಗವು ಅದರ ಸೇವಕ. ಭಾವವು ಬೇಡಿದರೆ ಗಾಯಕನು ರಾಗದ ಕಟ್ಟಳೆಯನ್ನು ಸಡಿಲಿಸಿ ಇನ್ನೊಂದು ರಾಗದ ಸ್ವರವನ್ನು ತರಬಲ್ಲನು. ಹಾರ್ಮೋನಿಯಂ, ತಬಲ, ಕೊಳಲು, ಪಿಟೀಲುಗಳೊಡನೆ ಮ್ಯಾಂಡೊಲಿನ್, ಗಿಟಾರುಗಳೂ ಇಲ್ಲಿ ನಿಷಿದ್ಧವಲ್ಲ. ಹಾಡು ಚಿಕ್ಕದಾಗಲು ಯಂತ್ರವೂ ಒಂದು ಕಾರಣ. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮುಖದಲ್ಲಿ ಮೂರು ಮೂರೂವರೆ ನಿಮಿಷದ ಹಾಡಿಗೆ ಮಾತ್ರ ಸ್ಥಳವಿತ್ತು. 1950ರಲ್ಲಿ ಧಾರವಾಡದಲ್ಲಿ, 1955ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಆಕಾಶವಾಣಿ ಕೇಂದ್ರಗಳು ಇಂಥ ಹಾಡುಗಳನ್ನು ಮನೆಮನೆಗೆ ತಲುಪಿಸಿದವು.

ಮೈಸೂರಿನಲ್ಲಿ ಜನಿಸಿದ ಮೈಸೂರು ಅನಂತಸ್ವಾಮಿಯವರು (1936–1995) ಈ ಪರಂಪರೆಯನ್ನು ಮುಂದುವರಿಸಿದರು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದರ ಕವನಗಳಿಗೆ ಅವರು ಸ್ವರ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಹೊರಬಂದಿತು. ಅದು ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ಕವಿತೆಯ ಪುಸ್ತಕವನ್ನು ಎಂದೂ ತೆರೆಯದವರ ಮನೆಗಳಲ್ಲಿಯೂ ಕವಿತೆ ಕೇಳಿಬಂದಿತು. ಅದೇ 1978ರಲ್ಲಿ ನ್ಯೂಯಾರ್ಕಿನಲ್ಲಿ ವಿಲೀ ಕೊಲೋನ್ ಮತ್ತು ರೂಬೆನ್ ಬ್ಲೇಡ್ಸ್ ಎಂಬವರು ‘ಸಿಯೆಂಬ್ರಾ’, ಎಂದರೆ ‘ಬಿತ್ತನೆ’, ಎಂಬ ಸಾಲ್ಸಾ ಮುದ್ರಿಕೆಯನ್ನು ಹೊರತಂದರು. ಅದೂ ಅಪಾರ ಜನಪ್ರಿಯತೆ ಗಳಿಸಿತು. ಅಲ್ಲಿಯೂ ಜನರು ಕುಣಿತದ ಲಯಕ್ಕೆ ಮಾತ್ರ ಮನಸೋಲಲಿಲ್ಲ. ತಮ್ಮ ಬೀದಿಯ ಬದುಕನ್ನು ಹೇಳುವ ಮಾತುಗಳಿಗೂ ಕಿವಿಗೊಟ್ಟರು.

ಚನ್ನರಾಯಪಟ್ಟಣದಲ್ಲಿ ಹುಟ್ಟಿದ ಸಿ. ಅಶ್ವಥ್ (1939–2009) ಬೆಂಗಳೂರಿನ ದೂರವಾಣಿ ಕಾರ್ಖಾನೆಯ ಉದ್ಯೋಗಿಯಾಗಿದ್ದರು. ಹಗಲು ಕಾರ್ಖಾನೆ, ಉಳಿದ ವೇಳೆಯಲ್ಲಿ ಸ್ವರ. ಹಾವೇರಿ ಸೀಮೆಯ ಸಂತಕವಿ ಶಿಶುನಾಳ ಶರೀಫರ (1819–1889) ತತ್ತ್ವಪದಗಳು ಅವರ ಸಂಯೋಜನೆಯಲ್ಲಿ ಹಳೆಯ ಮೈಸೂರಿನ ಜನರ ನಾಲಗೆಯ ಮೇಲೂ ನಲಿದಾಡಿದವು. ಶರೀಫರ ಪದಗಳನ್ನು ಹಾಡಿ ಹೆಸರಾದ ಶಿವಮೊಗ್ಗ ಸುಬ್ಬಣ್ಣನವರು (1938–2022) ‘ಕಾಡು ಕುದುರೆ’ ಚಿತ್ರದ ಹಾಡಿಗಾಗಿ ರಾಷ್ಟ್ರಪ್ರಶಸ್ತಿಯನ್ನು ಪಡೆದರು. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಅಶ್ವಥ್ ನಡೆಸಿದ ‘ಕನ್ನಡವೇ ಸತ್ಯ’ ಕಾರ್ಯಕ್ರಮಕ್ಕೆ ಜನಸಾಗರವೇ ಸೇರಿತು. ಅವರು ಕೇಳಲು ಬಂದದ್ದು ಕವಿತೆಗಳನ್ನು!

ಆದರೆ ಜನಪ್ರಿಯತೆಗೆ ಅಪಾಯವೂ ಅಂಟಿಕೊಂಡಿರುತ್ತದೆ. ವಾದ್ಯಗಳ ಅಬ್ಬರದಲ್ಲಿ ಮಾತು ಮುಳುಗಿದರೆ ಭಾವಗೀತೆಯ ಪ್ರಾಣವೇ ಹೋದಂತೆ. ಒಮ್ಮೆ ಜನರ ಮನಸ್ಸಿನಲ್ಲಿ ನೆಲೆನಿಂತ ಧಾಟಿಯನ್ನು ಕದಲಿಸುವುದೂ ಕಷ್ಟ. ಕುವೆಂಪು ಅವರ ಕವನವನ್ನು 2004ರಲ್ಲಿ ನಾಡಗೀತೆಯೆಂದು ಘೋಷಿಸಲಾಯಿತು. ಯಾವ ಧಾಟಿಯಲ್ಲಿ ಅದನ್ನು ಹಾಡಬೇಕೆಂಬ ಚರ್ಚೆ ಹಲವು ವರ್ಷ ನಡೆಯಿತು. ಅನಂತಸ್ವಾಮಿಯವರದೆ, ಅಶ್ವಥ್ ಅವರದೆ? 2022ರಲ್ಲಿ ಸರ್ಕಾರವು ಅನಂತಸ್ವಾಮಿಯವರ ಧಾಟಿಯನ್ನು ಅಂಗೀಕರಿಸಿತು. ಹಾಡಲು ಎರಡೂವರೆ ನಿಮಿಷಗಳ ಅವಧಿಯನ್ನು ನಿಗದಿಮಾಡಿತು. ಒಂದು ಧಾಟಿಗಾಗಿ ಜನರು ಇಷ್ಟು ವಾದಿಸಿದರೆಂದರೆ ಆ ಹಾಡನ್ನು ಅವರು ತಮ್ಮದೆಂದು ಬಗೆದಿದ್ದರೆಂದೇ ಅರ್ಥವಲ್ಲವೆ?

ನವೆಂಬರ್ ತಿಂಗಳಲ್ಲಿ ಬೆಂಗಳೂರಿನ ಬಡಾವಣೆಗಳಲ್ಲಿ ರಾಜ್ಯೋತ್ಸವದ ವೇದಿಕೆಗಳು ಏಳುತ್ತವೆ. ಧಾರವಾಡದ, ಮಲೆನಾಡಿನ, ಮೈಸೂರಿನ ಕವಿಗಳ ಹಾಡುಗಳು ಒಂದೇ ವೇದಿಕೆಯಿಂದ ಕೇಳಿಬರುತ್ತವೆ. ಕನ್ನಡವನ್ನು ಈಚೆಗೆ ಕಲಿತವರೂ ಪಲ್ಲವಿಗೆ ದನಿಗೂಡಿಸುತ್ತಾರೆ. ಯಾವೊಂದು ಊರಿನ ಸ್ವತ್ತೂ ಆಗದೆ ಹುಟ್ಟಿದ ಸಂಗೀತವು ಎಲ್ಲ ಊರುಗಳವರ ಸ್ವತ್ತಾಯಿತು. ಬೇರೆ ಬೇರೆ ಕಡೆಗಳಿಂದ ಬಂದವರನ್ನು ಒಂದು ನಾಡಿನವರನ್ನಾಗಿ ಮಾಡುವ ಕಾರ್ಯದಲ್ಲಿ ಕಾನೂನಿಗೂ ಕಚೇರಿಗೂ ಪಾಲಿದೆ. ಆದರೆ ಕೂಡಿ ಹಾಡಿದ ಹಾಡಿನ ಪಾಲು ಅವುಗಳಿಗಿಂತ ಕಡಿಮೆಯಾದುದಲ್ಲ.