ಪಂದ್ಯಗಳಿಲ್ಲದ ತಿಂಗಳುಗಳು

ಕಾಲ್ಚೆಂಡಿನ ಪಂದ್ಯವು ರಭಸದಿಂದ ಸಾಗಿರುತ್ತದೆ. ಚೆಂಡಿನ ಬೆನ್ನುಹತ್ತಿ ಓಡುತ್ತಿದ್ದ ತರುಣನೊಬ್ಬನು, ಎದುರಾಳಿಗಳಾರೂ ತನ್ನನ್ನು ಮುಟ್ಟದಿದ್ದರೂ, ತೊಡೆಯ ಹಿಂಭಾಗವನ್ನು ಹಿಡಿದುಕೊಂಡು ಹಠಾತ್ತಾಗಿ ಕುಸಿಯುತ್ತಾನೆ. ಮುಂದೆ ಕೆಲವು ವಾರಗಳ ಕಾಲ ಅವನಿಗೆ ಮೈದಾನವು ನಿಷಿದ್ಧ. ನೋಡಿದವರು ಇದನ್ನು ದುರದೃಷ್ಟವೆನ್ನುತ್ತಾರೆ. ಆದರೆ ಇಂತಹ ಗಾಯದ ಕಾರಣವನ್ನು ಆ ದಿನದ ಆಟದಲ್ಲಷ್ಟೇ ಹುಡುಕಿದರೆ ಸಾಲದು. ಪಂದ್ಯಗಳೇ ಇಲ್ಲದ ಹಿಂದಿನ ತಿಂಗಳುಗಳಲ್ಲಿ ಅವನ ದೇಹವು ಏನು ಮಾಡುತ್ತಿತ್ತು ಎಂಬುದನ್ನೂ ನಾವು ವಿಚಾರಿಸಬೇಕು.

ಪಂದ್ಯಗಳ ಋತುವು ಮುಗಿದೊಡನೆ ವಿಶ್ರಾಂತಿ ಬೇಕೆಂಬುದು ನಿಜ. ದಣಿದ ಸ್ನಾಯುಗಳೂ ಪದೇ ಪದೇ ಎಳೆತಕ್ಕೆ ಸಿಕ್ಕಿದ ಸಂಧಿಗಳೂ ದುರಸ್ತಿಯಾಗಲು ಕಾಲಾವಕಾಶ ಬೇಡುತ್ತವೆ. ಮನಸ್ಸಿಗೂ ಬಿಡುವು ಅಗತ್ಯ. ಆದರೆ ದೇಹವು ಬಹಳ ಮಿತವ್ಯಯಿ. ತನಗೆ ಕೆಲಸವಿಲ್ಲದ ಶಕ್ತಿಯನ್ನು ಅದು ಬಹುಕಾಲ ಪೋಷಿಸುವುದಿಲ್ಲ. ಅಮೆರಿಕದ ಎಡ್ವರ್ಡ್ ಕಾಯ್ಲ್ ಮತ್ತು ಅವರ ಸಂಗಡಿಗರು ಚೆನ್ನಾಗಿ ಪಳಗಿದ ಏಳು ಜನರ ಅಭ್ಯಾಸವನ್ನು ನಿಲ್ಲಿಸಿ ಪರೀಕ್ಷಿಸಿದ ಫಲಿತಾಂಶವು 1984ರಲ್ಲಿ ಪ್ರಕಟವಾಯಿತು. ದೇಹವು ನಿಮಿಷವೊಂದಕ್ಕೆ ಬಳಸಿಕೊಳ್ಳಬಲ್ಲ ಆಮ್ಲಜನಕದ ಪರಮಾವಧಿಯು 21 ದಿನಗಳಲ್ಲೇ ಶೇಕಡಾ 7ರಷ್ಟು ಇಳಿಯಿತು. ಎರಡು ತಿಂಗಳು ಕಳೆಯುವ ವೇಳೆಗೆ ಶೇಕಡಾ 16ರಷ್ಟು ಇಳಿದು ಅಲ್ಲಿ ನಿಂತಿತು. ಮೊದಲು ಕುಗ್ಗಿದ್ದು, ಹೃದಯವು ಒಂದೊಂದು ಬಡಿತಕ್ಕೆ ಹೊರದೂಡುವ ರಕ್ತದ ಪ್ರಮಾಣ. ಅನಂತರ ಕುಗ್ಗಿದ್ದು, ಆ ರಕ್ತದಿಂದ ಆಮ್ಲಜನಕವನ್ನು ಹೀರಿಕೊಳ್ಳುವ ಸ್ನಾಯುಗಳ ಸಾಮರ್ಥ್ಯ. ಸ್ನಾಯುಗಳ ಬಲವಾದರೋ ಇಷ್ಟು ಬೇಗ ಕರಗದು. ಮೂರು ನಾಲ್ಕು ವಾರಗಳ ಬಿಡುವನ್ನು ಅದು ಬಹುಮಟ್ಟಿಗೆ ತಾಳಿಕೊಳ್ಳುತ್ತದೆ.

ಇದರ ಅರ್ಥವೇನು? ರಜೆಯುದ್ದಕ್ಕೂ ಸುಮ್ಮನೆ ಕುಳಿತ ಆಟಗಾರನು ಮೊದಲ ಪಂದ್ಯಕ್ಕೆ ಬರುವಾಗ ಅವನ ಉತ್ಸಾಹವು ಹಳೆಯದೇ ಆಗಿರುತ್ತದೆ, ದೇಹವು ಮಾತ್ರ ಹಳೆಯದಲ್ಲ. ಅಪಾಯವು ಹುಟ್ಟುವುದು ಈ ಅಂತರದಲ್ಲಿ.

ತೊಡೆಯ ಹಿಂಭಾಗದ ಸ್ನಾಯುವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ತುಂಬಿದ ಕೊಡವನ್ನು ಸದ್ದಾಗದಂತೆ ನೆಲಕ್ಕಿಳಿಸುವಾಗ ನಮ್ಮ ತೋಳಿನ ಸ್ನಾಯು ಬಿಗಿಯಾಗಿದ್ದುಕೊಂಡೇ ಉದ್ದವಾಗುತ್ತ ಹೋಗುತ್ತದೆ. ವೇಗವಾಗಿ ಓಡುವವನ ಕಾಲು ಮುಂದಕ್ಕೆ ಬೀಸುವಾಗಲೂ ತೊಡೆಯ ಹಿಂದಿನ ಸ್ನಾಯು ಹೀಗೆಯೇ ದುಡಿಯುತ್ತದೆ. ಹಿಗ್ಗುತ್ತಲೇ ಕೆಳಗಾಲಿಗೆ ತಡೆ ಹಾಕುವ ಆ ಕ್ಷಣದಲ್ಲಿ ಅದು ಹರಿಯುವ ಸಂಭವವು ಹೆಚ್ಚು.

ಈ ಕೆಲಸಕ್ಕೆ ಸ್ನಾಯುವನ್ನು ಮುಂಚಿತವಾಗಿ ಸಜ್ಜುಗೊಳಿಸಲು ಸಾಧ್ಯವೇ? ಡೆನ್ಮಾರ್ಕಿನಲ್ಲಿ ನಡೆದ ಪ್ರಯೋಗವೊಂದು ಇದಕ್ಕೆ ಉತ್ತರ ನೀಡಿದೆ. 2011ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ 50 ತಂಡಗಳ 942 ಪುರುಷ ಆಟಗಾರರು ಭಾಗವಹಿಸಿದ್ದರು. ಅವರಲ್ಲಿ 461 ಜನರು ಋತುವಿನ ನಡುವಣ ವಿರಾಮದಲ್ಲಿ ಹತ್ತು ವಾರಗಳ ಕಾಲ ಒಂದು ಸರಳ ವ್ಯಾಯಾಮವನ್ನು ಮಾಡಿದರು. ಆಟಗಾರನು ಮಂಡಿಯೂರಿ ನೆಟ್ಟಗೆ ನಿಲ್ಲುತ್ತಾನೆ. ಸಂಗಡಿಗನು ಹಿಂದಿನಿಂದ ಅವನ ಕಣಕಾಲುಗಳನ್ನು ನೆಲಕ್ಕೆ ಅದುಮಿ ಹಿಡಿಯುತ್ತಾನೆ. ಆಟಗಾರನು ಸೊಂಟವನ್ನು ಬಾಗಿಸದೆ, ಬೀಳುವ ದೇಹವನ್ನು ತೊಡೆಯ ಬಲದಿಂದ ತಡೆಯುತ್ತ, ನಿಧಾನವಾಗಿ ಮುಂದಕ್ಕೆ ವಾಲಿ ಕೊನೆಗೆ ಕೈಗಳನ್ನು ಊರುತ್ತಾನೆ. ಉಪಕರಣಗಳೊಂದೂ ಬೇಡ. ಮೊದಲ ವಾರ ಒಂದೇ ದಿನ, ಐದೈದು ಬಾರಿಯಂತೆ ಎರಡು ಸರದಿ. ಎರಡನೆಯ ವಾರ ಎರಡು ದಿನ. ಮುಂದೆ ವಾರಕ್ಕೆ ಮೂರು ದಿನ. ಹೀಗೆ ಒಟ್ಟು 27 ಬಾರಿ ಅಭ್ಯಾಸ ನಡೆಯಿತು. ಗಾಯಗಳನ್ನು ಒಂದು ವರ್ಷ ಲೆಕ್ಕವಿಟ್ಟಾಗ, ಈ ವ್ಯಾಯಾಮ ಮಾಡದ 481 ಜನರಲ್ಲಿ ತೊಡೆಯ ಹಿಂದಿನ ಸ್ನಾಯುವಿಗೆ 52 ಗಾಯಗಳಾಗಿದ್ದವು. ಮಾಡಿದವರಲ್ಲಿ ಕೇವಲ 15.

ಕಿರಿಯರ ವಿಷಯದಲ್ಲಿಯೂ ಆಶಾದಾಯಕವಾದ ನಿದರ್ಶನವಿದೆ. ನಾರ್ವೆಯಲ್ಲಿ 13ರಿಂದ 17 ವರ್ಷದ ಬಾಲಕಿಯರು 2007ರ ಋತುವಿನಲ್ಲಿ ಅಭ್ಯಾಸಕ್ಕೆ ಮುನ್ನ ಸುಮಾರು 20 ನಿಮಿಷಗಳ ಕ್ರಮಬದ್ಧ ವ್ಯಾಯಾಮವನ್ನು ಮಾಡಿದರು. ಮೇಲೆ ಹೇಳಿದ ವ್ಯಾಯಾಮವೂ ಅದರಲ್ಲಿ ಸೇರಿತ್ತು. ಇತರರೊಡನೆ ಹೋಲಿಸಿದಾಗ ಅವರಲ್ಲಿ ತೀವ್ರವಾದ ಗಾಯಗಳು ಸುಮಾರು ಅರ್ಧದಷ್ಟು ಕಡಿಮೆಯಾಗಿದ್ದವು.

ಆದರೆ ಬೆಳೆಯುವ ದೇಹವು ಬೆಳೆದ ದೇಹದ ಚಿಕ್ಕ ಪ್ರತಿರೂಪವಲ್ಲ. ಬಾಲಕಿಯರಲ್ಲಿ ಸುಮಾರು 12ನೆಯ, ಬಾಲಕರಲ್ಲಿ ಸುಮಾರು 14ನೆಯ ವಯಸ್ಸಿನ ಹೊತ್ತಿಗೆ ಎತ್ತರವು ಅತಿ ವೇಗದಿಂದ ಹೆಚ್ಚುತ್ತದೆ. ಆಗ ಮೂಳೆಗಳ ತುದಿಯ ಬೆಳವಣಿಗೆಯ ಭಾಗಗಳು ಇನ್ನೂ ಮೃದುವಾಗಿರುತ್ತವೆ. ತೊಡೆಯ ಮುಂಭಾಗದ ಬಲಿಷ್ಠ ಸ್ನಾಯುವು ಮಂಡಿಯ ಕೆಳಗೆ ಅಂಟಿಕೊಂಡಿರುವ ಸ್ಥಳವನ್ನು ಮತ್ತೆ ಮತ್ತೆ ಎಳೆದರೆ ಅಲ್ಲಿ ಊತವೂ ನೋವೂ ಉಂಟಾಗುವುದುಂಟು. ಇದನ್ನು 1903ರಲ್ಲಿ ಅಮೆರಿಕದ ಆಸ್‌ಗುಡ್ ಮತ್ತು ಸ್ವಿಟ್ಜರ್ಲೆಂಡಿನ ಶ್ಲಾಟರ್ ಎಂಬ ವೈದ್ಯರು ಬೇರೆ ಬೇರೆಯಾಗಿ ವಿವರಿಸಿದರು. ಆದುದರಿಂದ ನೋವನ್ನು ನುಂಗಿಕೊಂಡು ಆಡುವುದು ಶೌರ್ಯವಲ್ಲ. ನೋವು ಉಳಿದುಕೊಂಡರೆ ಹೊರೆಯನ್ನು ತಗ್ಗಿಸಿ ವೈದ್ಯರಿಗೆ ತೋರಿಸಬೇಕು.

ಹಾಗಾದರೆ ಬಿಡುವಿನ ಕಾಲವನ್ನು ಹೇಗೆ ಕಳೆಯಬೇಕು? ಮೊದಲ ಎರಡು ವಾರ ಚೆಂಡನ್ನು ಮರೆತು ಈಜು, ಸೈಕಲ್ ಸವಾರಿ ಅಥವಾ ಬೇರೆ ಆಟಗಳಲ್ಲಿ ತೊಡಗಬಹುದು. ಬಳಿಕ ವಾರಕ್ಕೆ ಮೂರು ದಿನ ಹಗುರವಾದ ಓಟವನ್ನೂ, ಎರಡು ದಿನ ತಮ್ಮ ದೇಹದ ಭಾರವನ್ನೇ ಬಳಸುವ ಬಸ್ಕಿ, ದಂಡ ಮುಂತಾದ ವ್ಯಾಯಾಮಗಳನ್ನೂ ಆರಂಭಿಸಬೇಕು. ಪಂದ್ಯಗಳು ಸಮೀಪಿಸಿದಂತೆ ವೇಗದ ಓಟ, ಹಠಾತ್ ತಿರುವು, ನೆಗೆತ ಇವುಗಳನ್ನು ಒಂದೊಂದಾಗಿ ಸೇರಿಸಬೇಕು. ವಾರದಲ್ಲಿ ಒಂದು ದಿನವಾದರೂ ಪೂರ್ಣ ವಿರಾಮ, ರಾತ್ರಿ ಎಂಟು ಗಂಟೆಗೆ ಕಡಿಮೆಯಿಲ್ಲದ ನಿದ್ರೆ ಇವನ್ನು ಅಭ್ಯಾಸದ ಅಂಗವೆಂದೇ ಎಣಿಸಬೇಕು. ನಮ್ಮ ನಾಡಿನಲ್ಲಿ ದೀರ್ಘವಾದ ರಜೆಯು ಬೇಸಗೆಯಲ್ಲಿ ಬರುವುದರಿಂದ ಬೆಳಗಿನ ಅಥವಾ ಸಂಜೆಯ ತಂಪು ಹೊತ್ತೇ ಇದಕ್ಕೆ ಯೋಗ್ಯ.

ರೈತನು ಮಳೆ ಬಿದ್ದ ದಿನ ನೇಗಿಲನ್ನು ಹುಡುಕುವುದಿಲ್ಲ. ಅದಕ್ಕೆ ಮುಂಚೆಯೇ ಅದನ್ನು ಸರಿಪಡಿಸಿಟ್ಟಿರುತ್ತಾನೆ. ಪ್ರೇಕ್ಷಕರಿಲ್ಲದ, ಚಪ್ಪಾಳೆಯಿಲ್ಲದ ಈ ತಿಂಗಳುಗಳಲ್ಲಿ ಮಾಡಿದ ಅಲ್ಪಸ್ವಲ್ಪ ಕೆಲಸವೇ, ಮುಂದೊಂದು ದಿನ ಚೆಂಡಿನ ಹಿಂದೆ ಓಡುವ ತರುಣನನ್ನು ಕುಸಿಯದಂತೆ ಕಾಯುತ್ತದೆ.