ಮೂರು ಮೂಲೆಯ ಇಂಜಿನ್ ಮನೆಯಲ್ಲೇ ಬಿಚ್ಚುವವರು

ಮಾಜ್ದಾ ಕಂಪನಿಯ 13ಬಿ ಇಂಜಿನ್ನಿನೊಳಗೆ ತಿರುಗುವ ದೊಡ್ಡ ಭಾಗಗಳು ಮೂರೇ: ಎರಡು ರೋಟರ್, ಅವೆರಡೂ ಕೂರುವ ಒಂದು ಶಾಫ್ಟ್. ವಾಲ್ವ್ ಇಲ್ಲ, ಕ್ಯಾಮ್‌ಶಾಫ್ಟ್ ಇಲ್ಲ, ಟೈಮಿಂಗ್ ಚೈನ್ ಇಲ್ಲ, ಪಿಸ್ಟನ್ ಅಂತೂ ಮೊದಲೇ ಇಲ್ಲ. 1308 ಸಿಸಿಯ ಈ ಪುಟ್ಟ ಇಂಜಿನ್ ಎರಡು ಟರ್ಬೊಗಳ ಜೊತೆ ಸೇರಿ 1990ರ ದಶಕದ ಆರ್‌ಎಕ್ಸ್-7 ಕಾರಿಗೆ 255 ಅಶ್ವಶಕ್ತಿ ಕೊಟ್ಟಿತು. ಬಿಚ್ಚಿದಾಗ ಸಿಗುವ ತುಂಡುಗಳನ್ನು ಒಂದೊಂದಾಗಿ ಒಬ್ಬರೇ ಎತ್ತಿಡಬಹುದು. ಹಾಗಾಗಿಯೇ ಜಪಾನ್, ಅಮೆರಿಕ, ಆಸ್ಟ್ರೇಲಿಯ, ನ್ಯೂಜಿಲೆಂಡ್‌ಗಳಲ್ಲಿ ಅದುವರೆಗೆ ಯಾವ ಇಂಜಿನ್ನನ್ನೂ ಬಿಚ್ಚದವರು ಕೂಡ ಮನೆಯ ಶೆಡ್ಡಿನಲ್ಲಿ ಇದರ ಓವರ್‌ಹಾಲ್‌ಗೆ ಕೈ ಹಾಕುತ್ತಾರೆ. ಬಿಚ್ಚುವುದು ಅವರಿಗೆ ಕಷ್ಟವಾಗುವುದಿಲ್ಲ, ಜೋಡಿಸುವುದೂ ಅಂಥ ಕಷ್ಟವಲ್ಲ. ಬಿಚ್ಚಿದ್ದರಲ್ಲಿ ಯಾವುದನ್ನು ಮತ್ತೆ ಬಳಸಬಹುದು, ಯಾವುದನ್ನು ಎಸೆಯಬೇಕು ಎಂದು ತೀರ್ಮಾನಿಸುವಾಗ ನಿಜವಾದ ಪರೀಕ್ಷೆ ಶುರುವಾಗುತ್ತದೆ.

ರೋಟರ್ ಎಂದರೆ ಬದಿಗಳು ಹೊರಕ್ಕೆ ಉಬ್ಬಿದ ಒಂದು ತ್ರಿಕೋನ. ಅದು ತಿರುಗುವ ಕೋಣೆಗೆ ಹೌಸಿಂಗ್ ಎನ್ನುತ್ತಾರೆ. ಅದರ ಒಳಗೋಡೆ ನಡುವಿನಲ್ಲಿ ಸ್ವಲ್ಪ ಸೊಂಟ ಬಿಗಿದ ಮೊಟ್ಟೆಯಾಕಾರದ್ದು. ರೋಟರಿನ ಒಳಗಿರುವ 51 ಹಲ್ಲಿನ ಗೇರ್, ಪಕ್ಕದ ಪ್ಲೇಟಿಗೆ ಅಲುಗದಂತೆ ಬಿಗಿದ 34 ಹಲ್ಲಿನ ಗೇರಿನ ಸುತ್ತ ಉರುಳುತ್ತದೆ. ಹೀಗೆ ಉರುಳುವಾಗ ತ್ರಿಕೋನದ ಮೂರು ಮೂಲೆಗಳೂ ಗೋಡೆಗೆ ಅಂಟಿಕೊಂಡೇ ಸಾಗುತ್ತವೆ. ಪ್ರತಿ ಬದಿಗೂ ಗೋಡೆಗೂ ನಡುವಿನ ಜಾಗ ಹಿಗ್ಗುತ್ತ ಕುಗ್ಗುತ್ತ ಗಾಳಿ ಮತ್ತು ಪೆಟ್ರೋಲನ್ನು ಎಳೆದುಕೊಳ್ಳುತ್ತದೆ, ಒತ್ತುತ್ತದೆ, ಉರಿಸುತ್ತದೆ, ಹೊಗೆಯನ್ನು ಹೊರಗೆ ಹಾಕುತ್ತದೆ. ರೋಟರ್ ಒಂದು ಸುತ್ತು ಮುಗಿಸುವಷ್ಟರಲ್ಲಿ ಶಾಫ್ಟ್ ಮೂರು ಸುತ್ತು ತಿರುಗಿರುತ್ತದೆ. ಆರ್‌ಎಕ್ಸ್-8 ಕಾರಿನ ಮೀಟರ್ ಮುಳ್ಳು 9000ಕ್ಕೆ ಹೋದಾಗಲೂ ಒಳಗಿನ ರೋಟರ್ ತಿರುಗುವುದು ನಿಮಿಷಕ್ಕೆ 3000 ಸಲ ಮಾತ್ರ.

ಈ ಕಲ್ಪನೆ ಜರ್ಮನಿಯ ಫೆಲಿಕ್ಸ್ ವಾಂಕೆಲ್ ಅವರದು. ಎನ್‌ಎಸ್‌ಯು ಕಂಪನಿಯಲ್ಲಿ 1957ರಲ್ಲಿ ಓಡಿದ ಅವರ ಮೊದಲ ಇಂಜಿನ್ನಿನಲ್ಲಿ ರೋಟರ್ ಜೊತೆಗೆ ಒಳ ಹೌಸಿಂಗೂ ತಿರುಗುತ್ತಿತ್ತು. ಸ್ಪಾರ್ಕ್ ಪ್ಲಗ್ ಬದಲಿಸಬೇಕೆಂದರೂ ಇಂಜಿನ್ ಬಿಚ್ಚಬೇಕಿತ್ತು. ಅದೇ ಕಂಪನಿಯ ಎಂಜಿನಿಯರ್ ಹನ್ಸ್ ಡೀಟರ್ ಪಾಷ್ಕೆ ಹೌಸಿಂಗನ್ನು ಕದಲದಂತೆ ನಿಲ್ಲಿಸಿ, ರೋಟರ್ ಮಾತ್ರ ತಿರುಗುವ ಸರಳ ವಿನ್ಯಾಸ ಮಾಡಿದರು. ಇಂದು ಮನೆಗಳಲ್ಲಿ ಬಿಚ್ಚಿ ಕೂಡಿಸುತ್ತಿರುವುದು ಅವರು ಸರಳಗೊಳಿಸಿದ ಇಂಜಿನ್ನನ್ನೇ. ವಾಂಕೆಲ್ ಹೆಸರಿನ ನೆರಳಲ್ಲಿ ಪಾಷ್ಕೆ ಮರೆಯಾಗಿರುವುದು ನ್ಯಾಯವಲ್ಲ.

ಸರಳವಾದರೂ ಈ ಇಂಜಿನ್ನಿಗೆ ಮೊದಲಿನಿಂದ ಒಂದು ಕಾಯಿಲೆ ಅಂಟಿಕೊಂಡಿತು. ತ್ರಿಕೋನದ ಮೂಲೆಗಳಲ್ಲಿ ಕೂರುವ ತೆಳ್ಳನೆಯ ಪಟ್ಟಿಗಳಿಗೆ ಅಪೆಕ್ಸ್ ಸೀಲ್ ಎಂದು ಹೆಸರು. ಒಂದು ಬದಿಯ ಬೆಂಕಿ ಇನ್ನೊಂದು ಬದಿಗೆ ನುಗ್ಗದಂತೆ ತಡೆಯುವುದು ಅವೇ. ಜರ್ಮನಿಯಿಂದ ಪರವಾನಗಿ ಪಡೆದ ಮಾಜ್ದಾ ಹಿರೋಷಿಮಾದಲ್ಲಿ ಇಂಜಿನ್ ಓಡಿಸಿ ನೋಡಿದಾಗ, ಸೀಲುಗಳು ಅದುರಿ ಹೌಸಿಂಗಿನ ಗೋಡೆಯ ಮೇಲೆ ಅಲೆ ಅಲೆಯಾಗಿ ಗೀರು ಬೀಳುತ್ತಿದ್ದವು. ಅಲ್ಲಿನವರು ಅದನ್ನು ದೆವ್ವದ ಉಗುರಿನ ಗುರುತು ಎಂದು ಕರೆದರು. ಮಾಜ್ದಾ ಎಂಜಿನಿಯರ್ ಕೆನಿಚಿ ಯಮಮೊಟೊ ಅವರ ತಂಡ ಮೂಳೆಯಿಂದ ಹಿಡಿದು ನಾನಾ ವಸ್ತುಗಳಲ್ಲಿ ಸೀಲ್ ಮಾಡಿ ನೋಡಿತು. ಕೊನೆಗೆ ಅಲ್ಯೂಮಿನಿಯಂ ತುಂಬಿದ ಕಾರ್ಬನ್ ಸೀಲು ಗೀರುಗಳನ್ನು ನಿಲ್ಲಿಸಿತು. 1967ರಲ್ಲಿ ಕಾಸ್ಮೊ ಸ್ಪೋರ್ಟ್ ಕಾರು ರಸ್ತೆಗಿಳಿಯಿತು. ಅದೇ ವರ್ಷ ಬಂದ ಎನ್‌ಎಸ್‌ಯು ರೋ 80 ಮುಂದಿನ ವರ್ಷ ಯುರೋಪಿನ ಅತ್ಯುತ್ತಮ ಕಾರೆಂಬ ಪ್ರಶಸ್ತಿ ಗೆದ್ದರೂ ಸೀಲುಗಳು ಸವೆದು ಇಂಜಿನ್ನುಗಳು ಕೈಕೊಟ್ಟವು. ರೋ 80 ಮಾಲೀಕರು ದಾರಿಯಲ್ಲಿ ಎದುರಾದರೆ, ಎಷ್ಟು ಇಂಜಿನ್ ಬದಲಾಯಿತು ಎಂದು ಬೆರಳೆತ್ತಿ ತೋರಿಸುತ್ತಿದ್ದರು ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ.

ಮನೆಯಲ್ಲಿ ರೀಬಿಲ್ಡ್ ಮಾಡುವವರ ಎದುರಿಗಿರುವುದೂ ಅದೇ ಸೀಲು, ಅದೇ ಗೋಡೆ.

ಬಿಚ್ಚುವ ಮುಂಚೆಯೇ ಇಂಜಿನ್ ತನ್ನ ಕಾಯಿಲೆಯ ಸುಳಿವು ಕೊಡುತ್ತದೆ. ಪ್ಲಗ್ ತೆಗೆದು ಸ್ಟಾರ್ಟರ್ ತಿರುಗಿಸಿದರೆ ಆರೋಗ್ಯವಂತ ರೋಟರ್ ಒಂದೇ ಸಮನೆ ಉಸಿರು ಬಿಡುತ್ತದೆ. ಪ್ರತಿ ರೋಟರಿಗೆ ಮೂರು ಬದಿ ಇರುವುದರಿಂದ ಕಂಪ್ರೆಶನ್ನಿನ ಲೆಕ್ಕವೂ ಮೂರು. ದೊಡ್ಡ ಅಂಕಿಯೊಂದನ್ನೇ ಹಿಡಿದು ನಿಲ್ಲುವ ಪಿಸ್ಟನ್ ಇಂಜಿನ್ನಿನ ಗೇಜಿನಲ್ಲಿ ಉಳಿದ ಎರಡರ ಸುದ್ದಿ ಸಿಗುವುದಿಲ್ಲ. ಅದಕ್ಕಾಗಿ ಮೂರನ್ನೂ ಬೇರೆ ಬೇರೆಯಾಗಿ ತೋರಿಸುವ ಉಪಕರಣ ಬೇಕು. ಒಂದು ಅಪೆಕ್ಸ್ ಸೀಲು ಎರಡು ಕೋಣೆಗಳ ನಡುವಿನ ಗೋಡೆಯಾದ್ದರಿಂದ ಅದು ಮುರಿದರೆ ಎರಡು ಅಂಕಿಗಳು ಒಟ್ಟಿಗೆ ಕುಸಿಯುತ್ತವೆ. ಒಂದೇ ಅಂಕಿ ಕುಸಿದಿದ್ದರೆ ಅನುಮಾನ ರೋಟರಿನ ಬದಿಯಲ್ಲಿ ಕೂರುವ ಸೈಡ್ ಸೀಲಿನ ಮೇಲೆ.

ಬಿಚ್ಚುವಾಗ ಮೊದಲ ಜಗಳ ಫ್ಲೈವೀಲಿನ ನಟ್ಟಿನೊಂದಿಗೆ. 54 ಮಿಲಿಮೀಟರಿನ ಆ ನಟ್ಟನ್ನು ಬಿಗಿದಿರುವುದು ಸುಮಾರು 400 ನ್ಯೂಟನ್ ಮೀಟರ್ ಬಲದಲ್ಲಿ, ಎಂದರೆ ಸಾಮಾನ್ಯ ಕಾರಿನ ಚಕ್ರದ ನಟ್ಟಿಗಿಂತ ನಾಲ್ಕು ಪಟ್ಟು. ಫ್ಲೈವೀಲನ್ನು ತಿರುಗದಂತೆ ಭದ್ರವಾಗಿ ಕಟ್ಟಿ, ಸಾಕೆಟ್ ಹಿಡಿಗೆ ಉದ್ದನೆಯ ಪೈಪು ಸಿಕ್ಕಿಸಿ ಇಬ್ಬರು ಜೋತುಬಿದ್ದರೆ ಸಡಿಲವಾಗುತ್ತದೆ. ಅದಾದ ಮೇಲೆ ಎಲ್ಲ ಸಲೀಸು. ಮೂರು ಕಬ್ಬಿಣದ ಪ್ಲೇಟು, ಅವುಗಳ ನಡುವೆ ಎರಡು ಅಲ್ಯೂಮಿನಿಯಂ ಹೌಸಿಂಗು, ಎಲ್ಲವನ್ನೂ ತುದಿಯಿಂದ ತುದಿಗೆ ಬಿಗಿದು ಹಿಡಿದ ಉದ್ದನೆಯ ಬೋಲ್ಟುಗಳು. ಟಿಫಿನ್ ಕ್ಯಾರಿಯರಿನ ಡಬ್ಬಿಗಳಂತೆ ಒಂದರ ಮೇಲೊಂದು ಕೂತ ಇವನ್ನು ಮೇಲಿನಿಂದ ಎತ್ತಿಡುತ್ತ ಬರಬೇಕು. ಬೋಲ್ಟುಗಳನ್ನು ಒಂದೇ ಸಲ ಪೂರ್ತಿ ಕಳಚದೆ, ಕ್ರಮವಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸುವುದು ಮುಖ್ಯ. ಇಲ್ಲದಿದ್ದರೆ ಪ್ಲೇಟುಗಳು ಸೊಟ್ಟಗಾಗುವ ಅಪಾಯವಿದೆ.

ಪ್ರತಿ ರೋಟರಿನಲ್ಲಿ ಅಪೆಕ್ಸ್ ಸೀಲು ಮೂರು, ಮೂಲೆಯ ಗುಂಡು ಸೀಲು ಆರು, ಬದಿಯಲ್ಲಿ ಬಿಲ್ಲಿನಂತೆ ಬಾಗಿದ ಸೈಡ್ ಸೀಲು ಆರು. ಎಲ್ಲಕ್ಕೂ ಕೆಳಗೆ ಸಣ್ಣ ಸ್ಪ್ರಿಂಗು. ಯಾವುದು ಯಾವ ಜಾಗದಿಂದ ಬಂತೆಂದು ಬರೆದಿಡದೆ ಒಂದೇ ತಟ್ಟೆಗೆ ಸುರಿದರೆ ಮುಂದಿನ ಅಳತೆಗಳೆಲ್ಲ ವ್ಯರ್ಥ. 13ಬಿಯ ಹೊಸ ಅಪೆಕ್ಸ್ ಸೀಲಿನ ಎತ್ತರ 8 ಮಿಲಿಮೀಟರ್, ಸವೆದು 6.5ಕ್ಕೆ ಇಳಿದರೆ ಅದರ ಆಯಸ್ಸು ಮುಗಿಯಿತು. ಕಬ್ಬಿಣದ ಪ್ಲೇಟಿನ ಮೇಲೆ ಸೈಡ್ ಸೀಲು ಉಜ್ಜಿದ ಜಾಗದಲ್ಲಿ ಮೆಟ್ಟಿಲಿನಂಥ ತಗ್ಗು ಬಿದ್ದಿರುತ್ತದೆ. ಅದು 0.10 ಮಿಲಿಮೀಟರ್ ದಾಟಿದರೆ ಪ್ಲೇಟನ್ನು ಹಾಗೆಯೇ ಹಾಕುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಹೊತ್ತು ದಿಟ್ಟಿಸಿ ನೋಡಬೇಕಾದ್ದು ಹೌಸಿಂಗನ್ನು. ಪಿಸ್ಟನ್ ಇಂಜಿನ್ನಿನ ಸಿಲಿಂಡರ್ ಸವೆದರೆ ಲೇತ್ ಅಂಗಡಿಗೆ ಒಯ್ದು ಬೋರ್ ಮಾಡಿಸಿ, ಒಂದು ಸೈಜು ದೊಡ್ಡ ಪಿಸ್ಟನ್ ಹಾಕಿಸಬಹುದು. ರೋಟರಿಯಲ್ಲಿ ಮುಂದಿನ ಸೈಜು ಎಂಬುದಿಲ್ಲ. ಅಲ್ಯೂಮಿನಿಯಂ ಗೋಡೆಯ ಮೇಲಿನ ತೆಳು ಕ್ರೋಮ್ ಪದರ ಎದ್ದುಹೋಗಿದ್ದರೆ ಹೌಸಿಂಗೇ ಹೋದಂತೆ. ಪಿಸ್ಟನ್ ಇಂಜಿನ್ನಿನಲ್ಲಿ ಉರಿ ಎದ್ದ ಜಾಗಕ್ಕೇ ಮರುಗಳಿಗೆ ತಣ್ಣನೆಯ ಗಾಳಿ ಬರುತ್ತದೆ. ಇಲ್ಲಿ ಹಾಗಲ್ಲ. ಉರಿಯುವುದು ಯಾವಾಗಲೂ ಒಂದೇ ಪಕ್ಕದಲ್ಲಿ, ತಣ್ಣನೆಯ ಗಾಳಿ ಬರುವುದು ಯಾವಾಗಲೂ ಇನ್ನೊಂದು ಪಕ್ಕದಲ್ಲಿ. ಆದ್ದರಿಂದ ಪ್ಲಗ್ ರಂಧ್ರದ ಸುತ್ತಮುತ್ತಲೇ ಬಿರುಕು ಹುಡುಕಬೇಕು. ಪೆಟ್ರೋಲು ಸಮಯಕ್ಕೆ ಮುಂಚೆ ಸಿಡಿದು ಸೀಲು ಮುರಿದಿದ್ದರೆ ಆ ಚೂರು ಗೋಡೆಯನ್ನು ಉತ್ತು, ಹೊರಹೋಗುವಾಗ ಟರ್ಬೊದ ರೆಕ್ಕೆಗಳನ್ನೂ ಚಚ್ಚಿರುತ್ತದೆ. ಅಂಥ ಹೌಸಿಂಗಿಗೆ ಹೊಸ ಸೀಲು ಹಾಕಿ ಹಣ ಉಳಿಸಲು ಹೊರಟವರು ಅದೇ ಇಂಜಿನ್ನನ್ನು ಮತ್ತೊಮ್ಮೆ ಬಿಚ್ಚಬೇಕಾಗುತ್ತದೆ.

ಈ ಗೋಡೆಯ ಲೇಪನ ಎಂಥ ಕಠಿಣ ವಿದ್ಯೆ ಎಂಬುದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ನಿಶಾಂತ್ ಎಂಬ ಚಾಲಕರಹಿತ ವಿಮಾನಕ್ಕಾಗಿ ದೇಶದಲ್ಲೇ ವಾಂಕೆಲ್ ಇಂಜಿನ್ ತಯಾರಿಸಲು ಬೆಂಗಳೂರಿನ ಎನ್‌ಎಎಲ್ ಮತ್ತು ಎಡಿಇ, ಅಹ್ಮದ್‌ನಗರದ ವಿಆರ್‌ಡಿಇ ಎಂಬ ಸರ್ಕಾರಿ ಸಂಶೋಧನಾ ಸಂಸ್ಥೆಗಳು ಒಟ್ಟಾಗಿ ಕೆಲಸ ಮಾಡಿದವು. ಗೋಡೆಗೆ ಬೇಕಾದ ನಿಕ್ಕಲ್ ಮತ್ತು ಸಿಲಿಕಾನ್ ಕಾರ್ಬೈಡ್ ಮಿಶ್ರ ಲೇಪನವನ್ನು ಎನ್‌ಎಎಲ್ ಸ್ವತಃ ಅಭಿವೃದ್ಧಿಪಡಿಸಿತು. 2009ರ ಏಪ್ರಿಲ್‌ನಲ್ಲಿ ಕೋಲಾರದ ಬಳಿಯ ಹಳೆಯ ರನ್‌ವೇಯೊಂದರಿಂದ ಆ ಇಂಜಿನ್ ಹೊತ್ತ ನಿಶಾಂತ್ ಮೊದಲ ಸಲ ಹಾರಿತು.

ಜೋಡಣೆಯ ಹೊತ್ತಿಗೆ ಶೆಡ್ಡಿನಲ್ಲಿ ತಾಳ್ಮೆಯಷ್ಟೇ ಬೇಕಾದ ಇನ್ನೊಂದು ವಸ್ತು ವ್ಯಾಸಲೀನ್. ಸ್ಪ್ರಿಂಗುಗಳು ಸೀಲನ್ನು ಹೊರಕ್ಕೆ ಚಿಮ್ಮಿಸದಂತೆ, ರೋಟರ್ ಮಗುಚಿದಾಗ ಸೀಲು ಕಳಚಿ ಬೀಳದಂತೆ ಅದು ಹಿಡಿದಿಡುತ್ತದೆ. ಮೊದಲ ಓಟದಲ್ಲೇ ಕರಗಿ ಸುಟ್ಟುಹೋಗುತ್ತದೆ. ಸೈಡ್ ಸೀಲಿನ ಕೆಲಸ ಮಾತ್ರ ಅಕ್ಕಸಾಲಿಗರ ಕೈ ಕೇಳುವಂಥದು. ಸೀಲಿನ ತುದಿಗೂ ಪಕ್ಕದ ಮೂಲೆಯ ಸೀಲಿಗೂ ನಡುವೆ 0.05ರಿಂದ 0.15 ಮಿಲಿಮೀಟರ್ ಸಂದು ಇರಬೇಕು. ತುದಿಯನ್ನು ಅರದಿಂದ ಒಂದೆರಡು ಎಳೆ ಉಜ್ಜುವುದು, ಕೂರಿಸುವುದು, ಫೀಲರ್ ಗೇಜ್ ತೂರಿಸಿ ನೋಡುವುದು, ಮತ್ತೆ ಉಜ್ಜುವುದು. ಸಂದು ಕಡಿಮೆಯಾದರೆ ಬಿಸಿಗೆ ಹಿಗ್ಗಿ ಸೀಲು ಕಚ್ಚಿಕೊಳ್ಳುತ್ತದೆ, ಹೆಚ್ಚಾದರೆ ಕಂಪ್ರೆಶನ್ ಸೋರುತ್ತದೆ. ಒಮ್ಮೆ ಹೆಚ್ಚು ಉಜ್ಜಿದ ಸೀಲನ್ನು ಉದ್ದ ಮಾಡಲಾಗದು. ಎರಡು ರೋಟರಿಗೆ ಇಂಥವು ಹನ್ನೆರಡು. ಇಡೀ ರೀಬಿಲ್ಡಿನಲ್ಲಿ ಹೆಮ್ಮೆಪಡಬೇಕಾದ ಕೆಲಸ ಇದೇ.

ನಡುವಿನ ಪ್ಲೇಟ್ ಇಳಿಸುವಾಗ ಒಬ್ಬರು ಶಾಫ್ಟನ್ನು ಸುಮಾರು ಒಂದು ಅಂಗುಲ ಮೇಲೆತ್ತಿ ಹಿಡಿಯಬೇಕು; ಇನ್ನೊಬ್ಬರು ಪ್ಲೇಟನ್ನು ಶಾಫ್ಟಿನ ಉಬ್ಬು ದಾಟಿಸಿ ಕೂರಿಸಬೇಕು. ಉದ್ದನೆಯ ಬೋಲ್ಟುಗಳನ್ನು ಹಂತ ಹಂತವಾಗಿ ಬಿಗಿದ ಮೇಲೆ ಶಾಫ್ಟಿನ ಹಿಂದುಮುಂದಿನ ಅಲುಗಾಟವನ್ನು ಡಯಲ್ ಗೇಜಿನಲ್ಲಿ ಅಳೆಯುತ್ತಾರೆ. 0.04ರಿಂದ 0.07 ಮಿಲಿಮೀಟರಿನ ಒಳಗೆ ಬರದಿದ್ದರೆ ಮುಂಭಾಗದ ಸ್ಪೇಸರ್ ಬದಲಿಸಿ ಮತ್ತೆ ಅಳೆಯಬೇಕು.

ಮೊದಲ ಸಲ ಚಾಲೂ ಮಾಡುವ ಮುಂಚೆ ಪೆಟ್ರೋಲ್ ಪಂಪಿನ ಫ್ಯೂಸ್ ಕಿತ್ತು, ಆಯಿಲ್ ಪ್ರೆಶರ್ ಏರುವವರೆಗೆ ಸ್ಟಾರ್ಟರ್ ಮಾತ್ರ ತಿರುಗಿಸುತ್ತಾರೆ. ಆಮೇಲೆ ಏಳುವ ದಟ್ಟ ಹೊಗೆ ಕಂಡು ಹೊಸಬರು ಗಾಬರಿಯಾಗುವುದುಂಟು. ಬಹುಪಾಲು ಅದು ವ್ಯಾಸಲೀನ್ ಮತ್ತು ಜೋಡಿಸುವಾಗ ಸವರಿದ ಎಣ್ಣೆಯ ಹೊಗೆ. ಈ ಇಂಜಿನ್ ಸೀಲುಗಳಿಗೆ ಜಾರಿಕೆ ಕೊಡಲು ತಾನೇ ಸ್ವಲ್ಪ ಆಯಿಲನ್ನು ಒಳಗೆ ಚಿಮ್ಮಿಸಿಕೊಂಡು ಸುಡುವಂಥದು. ಹಾಗಾಗಿ ಆಯಿಲ್ ಕಡಿಮೆಯಾಗುವುದು ರೋಗವಲ್ಲ, ಡಿಪ್‌ಸ್ಟಿಕ್ ನೋಡದಿರುವುದು ರೋಗ. ಆರಂಭದ ದಿನಗಳಲ್ಲಿ ಅನೇಕರು ಪೆಟ್ರೋಲಿಗೂ ಒಂದಿಷ್ಟು ಟೂ-ಸ್ಟ್ರೋಕ್ ಆಯಿಲ್ ಬೆರೆಸಿ, ಇಂಜಿನ್ನನ್ನು ಹೆಚ್ಚು ಎಳೆಯದೆ ಓಡಿಸುತ್ತಾರೆ. ಹೊಸ ಸೀಲು ಹಳೆಯ ಗೋಡೆಗೆ ಒಗ್ಗಿಕೊಳ್ಳುತ್ತ ಬಂದಂತೆ ಕಂಪ್ರೆಶನ್ ಏರುತ್ತದೆ. ಆಗ ಆಯಿಲ್ ಬದಲಿಸಿ, ಉಪಕರಣ ಜೋಡಿಸಿ, ಎರಡು ರೋಟರುಗಳ ಆರು ಅಂಕಿಗಳನ್ನೂ ಮತ್ತೆ ಬರೆದುಕೊಂಡು ಮೊದಲಿನ ಪಟ್ಟಿಯ ಪಕ್ಕ ಇಟ್ಟು ನೋಡುತ್ತಾರೆ.