ಪ್ಯಾರಾಗ್ಲೈಡಿಂಗ್: ಮೊದಲ ಸಲ ಹಾರುವವರು ತಿಳಿದಿರಬೇಕಾದದ್ದು

ವಯನಾಡು: ಚೆಂಬ್ರ, ಬಾಣಾಸುರ ಬೆಟ್ಟಗಳನ್ನು ದಿನವೂ ನೋಡುವವರಿಗೂ ಬೆಟ್ಟದ ತುದಿಯಿಂದ ಹಾರುವುದೆಂದರೆ ಎದೆ ಢವಗುಟ್ಟುತ್ತದೆ. ಎಂಜಿನ್ ಇಲ್ಲದೆ, ಬಟ್ಟೆಯ ರೆಕ್ಕೆಯ ಕೆಳಗೆ ತೇಲುತ್ತಾ ಇಳಿಯುವ ಸಾಹಸ ಕ್ರೀಡೆಯೇ ಪ್ಯಾರಾಗ್ಲೈಡಿಂಗ್. ಏನೂ ಕಲಿಯದವರು ಪೈಲಟ್ ಜೊತೆ ಹಾರುವುದಕ್ಕೆ ಟ್ಯಾಂಡೆಮ್ ಎನ್ನುತ್ತಾರೆ. ಪ್ರಯಾಣಿಕರು ಮುಂದೆ, ಪೈಲಟ್ ಹಿಂದೆ. ಕೇರಳದಲ್ಲಿ ಇದಕ್ಕೆ ಹೆಸರಾದ ಜಾಗ ಇಡುಕ್ಕಿ ಜಿಲ್ಲೆಯ ವಾಗಮಣ್.

ಎತ್ತರ ಒಂದೇ ಸಾಲದು

ಚೆಂಬ್ರ ಸುಮಾರು 2,100 ಮೀಟರ್ ಎತ್ತರವಿದೆ. ಆದರೆ ಎತ್ತರವಿದ್ದ ಮಾತ್ರಕ್ಕೆ ಹಾರಲಾಗದು. ಗಾಳಿಗೆ ಎದುರಾಗಿರುವ ಬೋಳು ಇಳಿಜಾರು ಬೇಕು, ಕೆಳಗೆ ಇಳಿಯಲು ಬಯಲು ಬೇಕು. ವಾಗಮಣ್‌ನ ಹುಲ್ಲುಗುಡ್ಡಗಳು ಅನುಕೂಲವಾಗಿರುವುದು ಇದರಿಂದಲೇ. ವಯನಾಡಿನ ಬಹಳಷ್ಟು ಇಳಿಜಾರುಗಳಲ್ಲಿ ಕಾಡಿದೆ, ತಪ್ಪಲಿನಲ್ಲಿ ಕಾಫಿ, ಅಡಿಕೆ ತೋಟಗಳಿವೆ, ನಡುವೆ ವಿದ್ಯುತ್ ತಂತಿಗಳಿವೆ.

ಬೆಟ್ಟಕ್ಕೆ ಬಡಿದ ಗಾಳಿ ಮೇಲೇರುತ್ತದೆ, ಅದೇ ರೆಕ್ಕೆಯನ್ನು ಎತ್ತಿ ಹಿಡಿಯುತ್ತದೆ. ಬೆಟ್ಟದ ಹಿಂಬದಿಯಲ್ಲಿ ಮಾತ್ರ, ಕಬಿನಿ ಹೊಳೆಯ ಬಂಡೆಯ ಹಿಂದೆ ನೀರು ಸುಳಿಯುವಂತೆ ಗಾಳಿ ಸುಳಿಯುತ್ತದೆ. ಅಲ್ಲಿ ಸಿಕ್ಕಿದ ರೆಕ್ಕೆ ಮಡಚಿಕೊಳ್ಳಬಹುದು. ಬಿಸಿಲೇರಿದ ಮಧ್ಯಾಹ್ನ ಏಳುವ ಬಿಸಿಗಾಳಿ ಜೋರಾಗಿ ಕುಲುಕುತ್ತದೆ. ಹೊಸಬರಿಗೆ ಬೆಳಗ್ಗೆ ಅಥವಾ ಸಂಜೆ ಒಳ್ಳೆಯದು. ಮಳೆಗಾಲದಲ್ಲಿ ಹಾರುವ ಯೋಚನೆಯೇ ಬೇಡ.

ಪಟ್ಟಿ ನೀವೇ ನೋಡಿ

2024ರ ಫೆಬ್ರವರಿಯಲ್ಲಿ ಹಿಮಾಚಲದ ಕುಲ್ಲು ಜಿಲ್ಲೆಯಲ್ಲಿ ತೆಲಂಗಾಣದ ಪ್ರವಾಸಿ ಯುವತಿಯೊಬ್ಬರು ಟ್ಯಾಂಡೆಮ್ ಹಾರಾಟದ ವೇಳೆ ಬಿದ್ದು ಮೃತಪಟ್ಟರು. ಜಾಗಕ್ಕೆ ಅನುಮತಿ ಇತ್ತು, ಪೈಲಟ್ ನೋಂದಾಯಿತರೇ ಆಗಿದ್ದರು. ಪ್ರಯಾಣಿಕರ ಬೆಲ್ಟ್ ಪರೀಕ್ಷಿಸದ್ದೇ ಕಾರಣ ಎಂದು ಅಧಿಕಾರಿಗಳು ಆಗ ತಿಳಿಸಿದ್ದರು.

ಹಾಗಾಗಿ ಕಾಗದಪತ್ರ ನೋಡಿದ ಮೇಲೂ ಕೈಯಿಂದ ಮುಟ್ಟಿ ನೋಡಬೇಕಾದದ್ದು ಬಹಳವಿದೆ. ಎರಡೂ ತೊಡೆಯ ಪಟ್ಟಿ, ಎದೆಯ ಪಟ್ಟಿ ಬಿಗಿಯಾಗಿವೆಯೇ? ನಿಮ್ಮನ್ನು ರೆಕ್ಕೆಗೆ ಸೇರಿಸುವ ಎರಡೂ ಕೊಂಡಿಗಳು ಮುಚ್ಚಿವೆಯೇ? ಹೆಲ್ಮೆಟ್ ಇದೆಯೇ? ತುರ್ತು ಪ್ಯಾರಾಚೂಟ್ ಇದೆಯೇ? ನಾಚಿಕೆ ಬಿಟ್ಟು ಪೈಲಟ್‌ನನ್ನೇ ಕೇಳಿ. ನಿಮ್ಮ ತೂಕವನ್ನು ಸರಿಯಾಗಿ ಹೇಳಿ, ಬೆನ್ನುನೋವು, ಹೃದ್ರೋಗ, ಗರ್ಭಿಣಿ ಎಂಬುದನ್ನು ಮುಚ್ಚಿಡಬೇಡಿ. ಕೇರಳದಲ್ಲಾದರೆ ಕೇರಳ ಅಡ್ವೆಂಚರ್ ಟೂರಿಸಂ ಪ್ರಮೋಷನ್ ಸೊಸೈಟಿಯ ನೋಂದಣಿ ಇದೆಯೇ ಎಂದೂ ವಿಚಾರಿಸಿ.

ಓಡು ಎಂದರೆ ಓಡಬೇಕು

ಪ್ರಯಾಣಿಕರ ಕೆಲಸ ಚಿಕ್ಕದು, ಆದರೆ ತಪ್ಪಬಾರದು. ಪೈಲಟ್ ಕನ್ನಡದಲ್ಲಿ 'ಓಡಿ' ಎನ್ನಲಿ, ಮಲಯಾಳದಲ್ಲಿ 'ಓಡಿಕ್ಕೋ' ಎನ್ನಲಿ, ಹಿಂದಿಯಲ್ಲಿ 'ಭಾಗೋ' ಎನ್ನಲಿ, ಕಾಲು ನೆಲ ಬಿಡುವವರೆಗೂ ಓಡುತ್ತಲೇ ಇರಬೇಕು. ಹೊಸಬರು ಭಯದಿಂದ ಅಂಚಿನಲ್ಲಿ ಕುಳಿತುಬಿಡುವುದೇ ದೊಡ್ಡ ತೊಂದರೆ. ಇಳಿಯುವಾಗ ಪೈಲಟ್ ಹೇಳಿದಂತೆ ಕಾಲು ಚಾಚಿ ಇಲ್ಲವೇ ಎದ್ದು ನಿಲ್ಲಿ. ಯಾವ ಮಾತಿಗೆ ಏನು ಮಾಡಬೇಕೆಂದು ನೆಲದಲ್ಲಿರುವಾಗಲೇ ಕೇಳಿಕೊಳ್ಳಿ.

2023ರ ಮಾರ್ಚ್‌ನಲ್ಲಿ ತಿರುವನಂತಪುರ ಜಿಲ್ಲೆಯ ವರ್ಕಲದಲ್ಲಿ ಪೈಲಟ್ ಮತ್ತು ಪ್ರವಾಸಿ ಇಬ್ಬರೂ ಹೈಮಾಸ್ಟ್ ದೀಪದ ಕಂಬಕ್ಕೆ ಸಿಕ್ಕಿಕೊಂಡಿದ್ದರು. ಜೀವ ಉಳಿಯಿತು. ಅಂಥ ಅದೃಷ್ಟ ಎಲ್ಲರಿಗೂ ಇರುವುದಿಲ್ಲ.

ಗಡಿ ದಾಟಿ, ಬಸ್ ಬದಲಿಸಿ, ಹಣ ಕೂಡಿಸಿ ಹೋದವರಿಗೆ 'ಇಂದು ಗಾಳಿ ಸರಿಯಿಲ್ಲ, ಹಾರಿಸುವುದಿಲ್ಲ' ಎಂಬ ಮಾತು ಬೇಸರ ತರುವುದು ಸಹಜ. ಆದರೆ ಹಾಗೆ ಹೇಳುವ ಪೈಲಟ್‌ನೇ ನಂಬಿಕೆಗೆ ತಕ್ಕವನು. ಅವನೊಡನೆ ಜಗಳವಾಡದೆ ಇನ್ನೊಂದು ದಿನ ಹೋಗುವುದೇ ಲೇಸು.